ಕಡಲು ಎಡಕ್ಕಿರಲಿ: ಮಂಗಳೂರಿಂದ ಮರವಂತೆ, ಮನೆಮಂದಿಯೊಂದಿಗೆ ಒಂದೇ ದಿನ

ಅಜ್ಜ, ಅಜ್ಜಿ, ಎರಡು ಮಕ್ಕಳು, ನಡುವೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ, ಕೊನೆಗೆ ಮರವಂತೆಯ ಸೂರ್ಯಾಸ್ತ, ಇಷ್ಟೂ ಒಂದೇ ದಿನದಲ್ಲಿ. "ಆಗುವ ಮಾತಲ್ಲ ಮಾರಾಯ್ರೆ, ಎರಡು ದಿನ ಬೇಕು, ಉಡುಪಿಯಲ್ಲಿ ರೂಮ್ ಮಾಡಿ" ಎಂದವರೇ ಹೆಚ್ಚು. ರೂಮಿಲ್ಲದೆ ಆಯಿತು, ಯಾರೂ ಸುಸ್ತಾಗಲಿಲ್ಲ, ಈಗ ಅದೇ ಜನ ದಾರಿ ಕೇಳುತ್ತಿದ್ದಾರೆ. ಹಾಗಾಗಿ ಇದನ್ನು ಬರೆದಿಡುವುದು.

ನಮ್ಮ ಕಡೆಯವರ ಪದ್ಧತಿ ಏನೆಂದರೆ ಬೆಳಿಗ್ಗೆ ಹೆದ್ದಾರಿ ಹಿಡಿದು ಸೀದಾ ಮರವಂತೆಗೆ ಹೋಗುವುದು, ಆಮೇಲೆ "ಬರ್ತಾ ನೋಡಿಕೊಂಡು ಬರುವಾ" ಎಂದು ಒಂದೊಂದೇ ಬೀಚಿಗೆ ಇಳಿಯುವುದು. ಕೆಡುವುದು ಅಲ್ಲೇ. ನಾವು ರಸ್ತೆಯ ಎಡಗಡೆ ಓಡಿಸುವವರು. ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕೆ, ಅಂದರೆ ನಿಮ್ಮ ಪಥದ ಪಕ್ಕದಲ್ಲೇ ಇರುತ್ತದೆ. ನಿಲ್ಲಿಸಬೇಕೆನಿಸಿದರೆ ಇಂಡಿಕೇಟರ್ ಹಾಕಿ ಬದಿಗೆ ತಂದರಾಯಿತು. ದಕ್ಷಿಣಕ್ಕೆ ಬರುವಾಗ ಕಡಲು ಬಲಕ್ಕೆ ಬೀಳುತ್ತದೆ. ನಡುವೆ ಡಿವೈಡರ್, ಆಚೆ ಎರಡು ಪಥ, ಅದರ ಮೇಲೆ ಎಕ್ಸ್‌ಪ್ರೆಸ್ ಬಸ್ಸು. ನಿಲ್ಲಿಸಲು ಯು-ಟರ್ನ್ ಹುಡುಕಬೇಕು, ಇಲ್ಲವೇ ಮಕ್ಕಳ ಕೈ ಹಿಡಿದು ನಾಲ್ಕು ಪಥ ದಾಟಬೇಕು. ಬೆಳಕಿನ ಲೆಕ್ಕವೂ ಹಾಗೆಯೇ. ಬೆಳಿಗ್ಗೆ ಬಿಸಿಲು ಪೂರ್ವದಿಂದ ಕಡಲಿನ ಮೇಲೆ ಬೀಳುತ್ತದೆ, ನೀರು ನೀಲಿ ಕಾಣುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಅದೇ ನೀರು ಕಣ್ಣು ಕುಕ್ಕುವ ಬಿಳಿ ತಗಡು. ಆದ್ದರಿಂದ ಹೋಗುವಾಗಲೇ ಎಲ್ಲ ನೋಡಿ ಮುಗಿಸುವುದು, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ನಿಲ್ಲದೆ ವಾಪಸ್ ಬರುವುದು. ಇಡೀ ಯೋಜನೆ ಇಷ್ಟೇ. ಉಳಿದದ್ದೆಲ್ಲ ಗಂಟೆಯ ಲೆಕ್ಕ.

ಹೊರಡುವುದು ಬೆಳಿಗ್ಗೆ ಆರಕ್ಕೆ. ಆರೂವರೆ ಆದರೆ ಕೂಳೂರು ಸೇತುವೆ, ಪಣಂಬೂರು, ಬೈಕಂಪಾಡಿ ಕಡೆಯ ಘನ ವಾಹನಗಳ ಸಾಲಿಗೆ ಸಿಕ್ಕಿಬೀಳುತ್ತೀರಿ. ಅಲ್ಲಿ ಕಳೆದ ಅರ್ಧ ಗಂಟೆ ಮಲ್ಪೆಯಲ್ಲಿ ಒಂದು ಗಂಟೆಯಾಗಿ ವಸೂಲಾಗುತ್ತದೆ, ಯಾಕೆಂದರೆ ಮೊದಲ ದೋಣಿ ತಪ್ಪುತ್ತದೆ. ಮಕ್ಕಳಿಗೆ ಹೊರಡುವಾಗ ಹೊಟ್ಟೆ ತುಂಬ ಕೊಡಬೇಡಿ. ಒಳರಸ್ತೆಯ ಹಂಪುಗಳಿಗೆ ಹಾಲು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಸಾಕು. ಬನ್ಸು, ಗೋಳಿಬಜೆ ಎಲ್ಲ ಕಾಪು ದಾಟುವ ಮುಂಚೆ ಎಲ್ಲಾದರೂ.

ಸುರತ್ಕಲ್, ಸಸಿಹಿತ್ಲು ಎರಡನ್ನೂ ಬಿಟ್ಟೆವು. ಸಸಿಹಿತ್ಲು ಚಂದವೇ, ನಂದಿನಿ ಮತ್ತು ಶಾಂಭವಿ ಕಡಲು ಸೇರುವ ಜಾಗ. ಆದರೆ ಹೋದ ದಾರಿಯಲ್ಲೇ ಹಳೆಯಂಗಡಿಗೆ ಮರಳಬೇಕು, ಮುಕ್ಕಾಲು ಗಂಟೆ ಹೋಯಿತು. ಒಂದು ದಿನದ ಲೆಕ್ಕದಲ್ಲಿ ಹಿಂದೆ ತಿರುಗದೆ ಮುಂದಕ್ಕೇ ಸಾಗುವ ದಾರಿಗೆ ಮಾತ್ರ ಜಾಗ. ಹೋಗಿ ತಿರುಗುವ ದಾರಿ ಒಂದೇ ಒಂದು ಇಟ್ಟುಕೊಳ್ಳಬಹುದು, ಅದು ಕೋಡಿ ಬೆಂಗ್ರೆ. ಪಡುಬಿದ್ರಿಯ ಎಂಡ್ ಪಾಯಿಂಟಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಎಲ್ಲ ಉಂಟು. ಆದರೆ ಅಷ್ಟು ಬೆಳಿಗ್ಗೆ ಅದನ್ನು ನಂಬಿ ಹೋಗಬೇಡಿ. ಹಿರಿಯರಿಗೆ ಹೆದ್ದಾರಿಯ ಪೆಟ್ರೋಲ್ ಬಂಕೇ ಗ್ಯಾರಂಟಿ.

ಕಾಪುವಿನಲ್ಲಿ ಇಪ್ಪತ್ತು ನಿಮಿಷ. ದೀಪಸ್ತಂಭ 1901ರದ್ದು, ಸುಮಾರು 27 ಮೀಟರ್ ಎತ್ತರ. ಹತ್ತಲು ಸಾಮಾನ್ಯವಾಗಿ ಬಿಡುವುದು ಸಂಜೆ ಹೊತ್ತು. "ಬೆಳಿಗ್ಗೆ ಹೋದರೆ ಲೈಟ್‌ಹೌಸ್ ಹತ್ತಲಿಕ್ಕಾಗುವುದಿಲ್ಲವಲ್ಲ" ಎಂಬುದು ಈ ಯೋಜನೆಗೆ ಬಂದ ದೊಡ್ಡ ಆಕ್ಷೇಪ. ಸರಿಯೇ. ಆದರೆ ಮೊಣಕಾಲು ನೋವಿನವರು ಆ ಸುತ್ತು ಮೆಟ್ಟಿಲು ಹೇಗೂ ಹತ್ತುವುದಿಲ್ಲ, ಕೆಳಗಿನ ಬಂಡೆಯ ಮೇಲಿಂದ ಕಾಣುವುದೇ ಅವರಿಗೆ ಸಾಕು. ಹತ್ತಲೇಬೇಕಾದವರು ಬೇರೆ ಸಂಜೆ ಬರಲಿ, ಕಾಪು ಎಲ್ಲಿಗೂ ಓಡಿಹೋಗುವುದಿಲ್ಲ.

ಈ ದಾರಿಯ ನಿಜವಾದ ತಿರುಳು ಕಾಪುವಿನಿಂದ ಮಲ್ಪೆಗೆ ಒಳಗಿಂದ ಹೋಗುವುದು: ಕೈಪುಂಜಾಲು, ಮಟ್ಟು, ಪಡುಕೆರೆ, ಸೇತುವೆ, ಮಲ್ಪೆ. ಫೋನಿನ ಮ್ಯಾಪಿಗೆ "ಮಲ್ಪೆ" ಎಂದಷ್ಟೇ ಹೇಳಿದರೆ ಅದು ನಿಮ್ಮನ್ನು ಕಟಪಾಡಿ, ಉಡುಪಿ ಎಂದು ಹೆದ್ದಾರಿಗೆ ಎಳೆಯುತ್ತದೆ, ಅದಕ್ಕೆ ಬೇಕಾದದ್ದು ನಿಮಿಷ ಮಾತ್ರ. ನಡುವಿನ ನಿಲ್ದಾಣಗಳಾಗಿ ಮಟ್ಟು ಬೀಚ್ ಮತ್ತು ಪಡುಕೆರೆಯನ್ನು ಮನೆಯಲ್ಲೇ ಹಾಕಿಟ್ಟುಕೊಳ್ಳಿ. ಎಡಕ್ಕೆ ಕಡಲು, ಬಲಕ್ಕೆ ತೆಂಗಿನ ತೋಟ, ಅದರಾಚೆ ಉದ್ಯಾವರ ಹೊಳೆ. ಕೆಲವು ಕಡೆ ನೆಲ ಎಷ್ಟು ಕಿರಿದೆಂದರೆ ಎರಡೂ ನೀರು ಒಟ್ಟಿಗೆ ಕಾಣುತ್ತವೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್‌ಗಿಂತ ಜೋರಾಗಿ ಹೋಗಬೇಡಿ, ಹೋಗಲಿಕ್ಕೂ ಆಗುವುದಿಲ್ಲ. ರಸ್ತೆ ಕಿರಿದು, ಮೇಲೆ ಬಲೆ ಒಣಹಾಕಿರುತ್ತಾರೆ, ಅದು ಅವರ ಅಂಗಳ ಎಂದು ತಿಳಿದು ಓಡಿಸಬೇಕು. ಕೈರಂಪಣಿ ಎಳೆಯುವುದು ಕಂಡರೆ ಬೇರೆಲ್ಲ ಬಿಟ್ಟು ನಿಲ್ಲಿಸಿ. ಅರ್ಧಚಂದ್ರಾಕಾರದ ಬಲೆ, ಎರಡು ತುದಿಯ ಹಗ್ಗಕ್ಕೆ ಎರಡು ಸಾಲು ಜನ, ಹೊಟ್ಟೆಯ ಭಾಗ ದಡಕ್ಕೆ ಬರುವಾಗ ನೀರೇ ಬೆಳ್ಳಗೆ ಕುದಿಯುತ್ತದೆ, ಒಳಗೆ ಬೂತಾಯಿ, ಬಂಗುಡೆ ಮೀನು. ಹಗ್ಗ ದಾಟಬೇಡಿ, ಮಕ್ಕಳನ್ನು ಎರಡು ಸಾಲಿನ ನಡುವೆ ಬಿಡಬೇಡಿ.

ಗಾಡಿ ಹೂತುಹೋಗುವುದು ಇದೇ ಭಾಗದಲ್ಲಿ. ಎದುರಿನ ಟೆಂಪೋಗೆ ದಾರಿ ಬಿಡಲು ಎಡ ಚಕ್ರ ಡಾಂಬರಿನಿಂದ ಇಳಿಸುತ್ತೀರಿ; ಮೇಲೆ ಹುಲ್ಲು, ಅಡಿಯಲ್ಲಿ ಹುಡಿ ಮರಳು. ಎಕ್ಸಲರೇಟರ್ ಒತ್ತಿದಷ್ಟೂ ಮುಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತೆಂದರೆ ಅಲ್ಲೇ ನಿಲ್ಲಿಸಿ, ಎಲ್ಲರನ್ನೂ ಇಳಿಸಿ. ಮುಂದಿನ ಎರಡು ಟಯರಿನ ಗಾಳಿ 32 ಪಿಎಸ್‌ಐಯಿಂದ 20ಕ್ಕೆ ಇಳಿಸಿ. ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಇಳಿಜಾರಾಗಿ ತೆಗೆದು, ತೆಂಗಿನ ಒಣ ಮಡಲನ್ನು ಗರಿ ಸಮೇತ ಚಕ್ರದಡಿಗೆ ತೂರಿಸಿ. ದಂಡಿನ ಬುಡ ಗಾಡಿಯ ಕಡೆಗಿರಬಾರದು, ಅದು ಸಿಡಿದು ಬಂಪರಿಗೆ ಹೊಡೆಯುತ್ತದೆ. ಎರಡನೇ ಗೇರಿನಲ್ಲಿ, ಸ್ಟಿಯರಿಂಗ್ ನೇರ ಇಟ್ಟು, ಕ್ಲಚ್ಚು ನಿಧಾನ ಬಿಟ್ಟರೆ ಬರುತ್ತದೆ. ಹೊರಬಂದ ಮೇಲೆ ಗಾಳಿ ಮತ್ತೆ ತುಂಬಲು ಸಿಗರೇಟ್ ಸಾಕೆಟಿಗೆ ಹಾಕುವ ಪಂಪು ಸಾವಿರದೈನೂರು, ಎರಡು ಸಾವಿರಕ್ಕೆ ಸಿಗುತ್ತದೆ. ಕ್ರೇನ್ ಕರೆಸಿದರೆ ಒಂದೇ ಸಲಕ್ಕೆ ಅಷ್ಟು ಹೋಗುತ್ತದೆ. ಮಳೆಗಾಲ ಮುಗಿದ ಕೂಡಲೇ ಹೋಗುವವರಿಗೆ ಇನ್ನೊಂದು ಮಾತು: ಕಡಲ್ಕೊರೆತಕ್ಕೆ ರಸ್ತೆಯ ಅಂಚು ಅಡಿಯಿಂದ ಟೊಳ್ಳಾಗಿರುತ್ತದೆ, ಮೇಲೆ ಡಾಂಬರು ಸರಿಯಾಗೇ ಕಾಣುತ್ತದೆ. ಕಲ್ಲು ಸುರಿದ ಕಡೆ ಅಂಚಿಗೆ ಹೋಗಲೇಬೇಡಿ.

ಮಟ್ಟಿನಲ್ಲಿ ಗುಳ್ಳ, ಅಂದರೆ ಅಲ್ಲಿನ ಹಸಿರು ಬದನೆ, ಕಂಡರೆ ತೆಗೆದುಕೊಳ್ಳಿ. 2011ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದ ಮೇಲೆ ಪೇಟೆಯಲ್ಲಿ ಎಲ್ಲ ಹಸಿರು ಬದನೆಯೂ ಮಟ್ಟುಗುಳ್ಳವೇ ಆಗಿದೆ. ತೊಟ್ಟಿನ ಮುಳ್ಳು, ತಿಳಿ ಹಸಿರಿನ ಮೇಲಿನ ಬಿಳಿ ಗೆರೆ ನೋಡಿ.

ಸೇತುವೆ ದಾಟಿ ಮಲ್ಪೆ ಬಂದರಿಗೆ ಬಂದಾಗ ಬ್ರೇಕ್ ಹುಷಾರು. ಮೀನಿನ ಲಾರಿಯಿಂದ ಸೋರಿದ ನೀರಿಗೆ ರಸ್ತೆ ಜಾರುತ್ತದೆ, ಅದು ಗಾಡಿಯ ತಳಕ್ಕೂ ವಿಷ. ಒಂಬತ್ತರ ಹೊತ್ತಿಗೆ ದ್ವೀಪದ ದೋಣಿಯ ಟಿಕೆಟ್ ಸಾಲಿನಲ್ಲಿರಬೇಕು. ದರ ಸೀಸನ್ನಿಗೊಂದು, ತಲೆಗೆ ಮುನ್ನೂರರಿಂದ ನಾನೂರು ಎಂದು ಲೆಕ್ಕ ಹಾಕಿ. ಭಾನುವಾರ ಪಾರ್ಕಿಂಗ್ ಎಲ್ಲಿ ಮಾಡಿದೆವು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರ ನಮಗೇ ಜಾಗ ಇರುವುದಿಲ್ಲ.

ಮೊದಲ ದೋಣಿಯೇ ಯಾಕೆ ಎಂದರೆ ಗಾಳಿಗಾಗಿ. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಸಪಾಟು. ಹನ್ನೊಂದು, ಹನ್ನೆರಡರ ಮೇಲೆ ಕಡಲಗಾಳಿ ಎದ್ದರೆ ದೋಣಿ ಕುಣಿಯತೊಡಗುತ್ತದೆ, ವಾಂತಿ ಶುರು. ಎರಡನೆಯದು ಇಳಿತ. ಸೇಂಟ್ ಮೇರೀಸ್, ನಮ್ಮ ತೋನ್ಸೆಪಾರ್, ನೋಡುವಂಥದ್ದು ಅಲ್ಲಿನ ಕಂಬದಂಥ ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಐದು-ಆರು ಮೂಲೆಯಾಗಿ ಸೀಳಿದ್ದು. ಉಬ್ಬರದಲ್ಲಿ ಬುಡ ಮುಳುಗಿರುತ್ತದೆ, ಇಳಿತದಲ್ಲಿ ಕಲ್ಲಿನ ಮೂಲೆಗಳು ನೆಲದಲ್ಲಿ ಹಾಸು ಹಾಕಿದಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉಬ್ಬರವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತ. ದಿನಾಂಕ ಆರಿಸುವ ಮುಂಚೆ ಫೋನಿನಲ್ಲಿ ಮಲ್ಪೆಯ ಉಬ್ಬರದ ಪಟ್ಟಿ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಆದರೆ ಇಳಿತಕ್ಕೆ ಒಂದು ಕಿರಿಕಿರಿ ಉಂಟು: ದೊಡ್ಡ ದೋಣಿ ದಡಕ್ಕೆ ತಾಗದೆ, ಚಿಕ್ಕ ದೋಣಿಗೆ ದಾಟಬೇಕಾಗಬಹುದು. ಅಜ್ಜಿಯನ್ನು ಕೊನೆಗೆ ಇಳಿಸಿ, ಮೊದಲಲ್ಲ. ಹಿಂದಿನವರ ನೂಕುನುಗ್ಗಲು ಇರುವುದಿಲ್ಲ, ದೋಣಿಯವರಿಗೂ ಎರಡು ಕೈ ಖಾಲಿ ಇರುತ್ತದೆ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಪಾಚಿಯ ಕಲ್ಲಿನ ಮೇಲೆ ಜಾರುತ್ತದೆ, ಬರಿಗಾಲಿಗೆ ಒಡೆದ ಚಿಪ್ಪು ಕೊಯ್ಯುತ್ತದೆ. ಕುಡಿಯುವ ನೀರು ಸ್ಟೀಲ್ ಬಾಟಲಿಯಲ್ಲಿ. ದ್ವೀಪಕ್ಕೆ ಒಂದು ಗಂಟೆ ಧಾರಾಳ.

ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಗಾಡಿ ಓಡಿಸಬಾರದು. ಊಟ, ಹಿರಿಯರಿಗೆ ಒಂದು ಗಂಟೆ ಅಡ್ಡಾಗಲು ಜಾಗ. "ಒಂದೇ ದಿನದಲ್ಲಿ ಆಗುವುದಿಲ್ಲ" ಎನ್ನುವವರು ಬಿಡುವುದೇ ಈ ಎರಡೂವರೆ ಗಂಟೆಯನ್ನು. ನಾಲ್ಕರ ಹೊತ್ತಿಗೆ ಎಲ್ಲರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಾರೆ. ಮೀನಿನೂಟದ ಹೋಟೆಲಿಗೆ ಹನ್ನೆರಡೂಕಾಲಿಗೇ ಹೋಗಿ, ಒಂದಾದರೆ ಅಂಜಲ್ ಖಾಲಿ.

ನಡುವೆ ಒಂದು ಪ್ರಯೋಗ ಮಾಡಿದ್ದು ಮೀನಿನದ್ದು. ಬಂದರಿನಲ್ಲಿ ಬಂಗುಡೆ ಕೊಂಡು ರಾತ್ರಿವರೆಗೆ ಗಾಡಿಯಲ್ಲಿ ಇಡಲು ಆಗುತ್ತದೆಯೇ? ಇಡೀ ಐಸ್ ಗಡ್ಡೆ ಹಾಕಿದರೆ ಆಗುವುದಿಲ್ಲ, ಗಡ್ಡೆ ತಾಗಿದ ಮೀನು ಮಾತ್ರ ತಣ್ಣಗಿರುತ್ತದೆ. ಪುಡಿ ಐಸ್ ಬೇಕು, ಒಂದು ಕಿಲೋ ಮೀನಿಗೆ ಒಂದು ಕಿಲೋ, ಪದರದ ಮೇಲೆ ಪದರ, ಮೇಲಿನ ಪದರ ಐಸಿನದ್ದೇ. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳಕ್ಕೆ ಸುತ್ತ ಟೇಪು. ಕರಗಿದ ನೀರಿನಲ್ಲಿ ಮೀನು ಕೂತರೆ ಮೆತ್ತಗಾಗುತ್ತದೆ, ಹಾಗಾಗಿ ಅಡಿಯಲ್ಲಿ ಎರಡಿಂಚು ಎತ್ತರಕ್ಕೆ ಏನಾದರೂ ಇಡಬೇಕು. ನಾವು ಏನು ಇಟ್ಟೆವು ಎಂಬುದು ಮನೆಯ ಗುಟ್ಟು. ರಾತ್ರಿ ಒಂಬತ್ತೂವರೆಗೆ ತೆರೆದಾಗ ಕಣ್ಣು, ಕಿವಿರು ಬೆಳಗಿನ ಹಾಗೇ ಇತ್ತು.

ಮೂರಕ್ಕೆ ತೊಟ್ಟಂ, ಹೂಡೆ ಮೂಲಕ ಕೋಡಿ ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ತುದಿಯಲ್ಲಿ ಸ್ವರ್ಣಾ, ಸೀತಾ ಕಡಲು ಸೇರುತ್ತವೆ. ಅಳಿವೆಯಲ್ಲಿ ನೀರಿಗಿಳಿಯಬೇಡಿ, ಸೆಳೆತ ಮೇಲಿಂದ ಕಾಣುವುದಿಲ್ಲ. ಮಧ್ಯಾಹ್ನ ತಡವಾದರೆ ಬೆಂಗ್ರೆಯನ್ನೇ ಕೈಬಿಡಿ, ಮರವಂತೆಯನ್ನಲ್ಲ. ಕೆಮ್ಮಣ್ಣು, ಸಂತೆಕಟ್ಟೆ ಮೂಲಕ ಹೆದ್ದಾರಿಗೆ ಬಂದರೆ ಸಾಸ್ತಾನ ಟೋಲ್, ಕುಂದಾಪುರ, ತ್ರಾಸಿ.

ಮರವಂತೆಗೆ ಐದೂಕಾಲಿಗೆ ಮುಟ್ಟಿದರೆ ಸರಿ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನೀವು ಕಡಲ ಬದಿಯ ಪಥದಲ್ಲೇ ಇದ್ದೀರಿ. ಪೂರ್ತಿ ಬದಿಗೆ ತಂದು, ಎಡಗಡೆಯ ಬಾಗಿಲಿನಿಂದ ಮಾತ್ರ ಇಳಿಸಿ. ಬಲಗಡೆ ಮಗುವಿದ್ದರೆ ಚೈಲ್ಡ್ ಲಾಕ್ ಮೊದಲೇ ಹಾಕಿರಲಿ. ನೀರಿಗಿಳಿಯುವ ಜಾಗ ಇದಲ್ಲ, ದಡ ಕಡಿದು, ಅಲೆ ಹಿಂದಕ್ಕೆ ಎಳೆಯುತ್ತದೆ.

ಖರ್ಚು ಅಂದಾಜಿಗೆ: ಏಳು ಸೀಟಿನ ಪೆಟ್ರೋಲ್ ಗಾಡಿ, ಒಳರಸ್ತೆ ಸೇರಿ ಇನ್ನೂರೈವತ್ತು ಕಿಲೋಮೀಟರ್, ಪೆಟ್ರೋಲಿಗೆ ಹದಿನೆಂಟು ನೂರು. ಹೆಜಮಾಡಿ, ಸಾಸ್ತಾನ ಟೋಲ್ ಹೋಗಿ ಬರಲು ಇನ್ನೂರರ ಆಸುಪಾಸು. 24 ಗಂಟೆಯೊಳಗೆ ಮರಳಿದರೆ ವಾಪಸಿನದ್ದು ಅರ್ಧ ಮಾತ್ರ ಹಿಡಿಯುತ್ತದೆ. ದೋಣಿಗೆ ಆರು ಜನಕ್ಕೆ ಎರಡು ಸಾವಿರ ಚಿಲ್ಲರೆ, ತಿಂಡಿ, ಊಟ, ಬೊಂಡ (ಎಳನೀರು), ಪಾರ್ಕಿಂಗ್ ಎಲ್ಲ ಸೇರಿ ಇನ್ನೆರಡೂವರೆ. ಒಟ್ಟು ಆರೂವರೆ, ಏಳು ಸಾವಿರ. ರೂಮ್ ಮಾಡಿದ್ದರೆ ಎರಡು ಕೋಣೆಗೇ ಅಷ್ಟು ಬೇಕಿತ್ತು.

ಮನೆಗೆ ಬಂದ ಮೇಲೆ ಎಷ್ಟೇ ನಿದ್ದೆ ಬಂದರೂ ಗಾಡಿಯ ತಳಕ್ಕೆ, ಚಕ್ರದ ಒಳಬದಿಗೆ ಹತ್ತು ನಿಮಿಷ ಸಿಹಿನೀರು ಪೈಪಿನಲ್ಲಿ ಬಿಡಿ. ಗಾಜಿನ ಉಪ್ಪನ್ನು ಒಣ ವೈಪರಿನಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ನೀರು. ಮರುದಿನ ಬೆಳಿಗ್ಗೆ ಬ್ರೇಕು ಕರಕರ ಎಂದರೆ ಗಾಬರಿ ಬೇಡ, ಡಿಸ್ಕಿನ ಮೇಲೆ ರಾತ್ರಿ ಹಿಡಿದ ತೆಳು ತುಕ್ಕು, ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ಆಮೇಲೂ ಒಂದೇ ಚಕ್ರದಿಂದ ಶಬ್ದ ಬರುತ್ತಿದ್ದರೆ ಪ್ಯಾಡಿನ ನಡುವೆ ಮರಳು ಕೂತಿದೆ, ಚಕ್ರ ಬಿಚ್ಚಿ ತೊಳೆಸಿ.