ಮಡಿಗೆ ಇಳಿಸುವ ದಿನವೇ ಹೂ ಚಿವುಟಿ

ನರ್ಸರಿಯಿಂದ ತಂದ ಪೆಟೂನಿಯಾ, ಸಾಲ್ವಿಯಾ, ಚೆಂಡು ಹೂವಿನ ಸಸಿಗಳನ್ನು ಮಡಿಯಲ್ಲಿ ನೆಡುವ ದಿನವೇ ಅರಳಿದ ಹೂ, ಮೊಗ್ಗುಗಳನ್ನೆಲ್ಲ ಕಿತ್ತು, ತುದಿಯ ಕುಡಿಯನ್ನೂ ಚಿವುಟಿಬಿಡಿ. ಹೂ ನೋಡಿಯೇ ದುಡ್ಡು ಕೊಟ್ಟಿರುತ್ತೇವೆ, ಕೈ ಬರುವುದಿಲ್ಲ, ನಿಜ. ಆದರೆ ತುದಿಯ ಕುಡಿ ಇರುವವರೆಗೂ ಅಲ್ಲಿಂದ ಇಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನ್ ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಕುಡಿ ಹೋದರೆ ಪಕ್ಕದ ರೆಂಬೆಗಳು ಒಡೆಯುತ್ತವೆ, ಗಿಡ ಹೂವಿಗೆ ಸುರಿಯುತ್ತಿದ್ದ ಶಕ್ತಿ ಬೇರಿಗೆ ಸಿಗುತ್ತದೆ. ಎರಡು ಮೂರು ವಾರ ಮಡಿ ಬರೀ ಹಸಿರಾಗಿರುತ್ತದೆ, ಆಮೇಲೆ ಒಂದು ಹೂವಿನ ಜಾಗದಲ್ಲಿ ನಾಲ್ಕಾರು. ಹಾಗಾಗಿ ಜನವರಿ 26ರ ಹೊತ್ತಿಗೆ ಅಂಗಳ ತುಂಬಬೇಕಿದ್ದರೆ ಡಿಸೆಂಬರ್ ಕೊನೆಯೊಳಗೆ ಚಿವುಟಿ ಮುಗಿಸಿರಬೇಕು. ಕೋಳಿಜುಟ್ಟಿನ ಹೂವಿನ ಗಿಡಕ್ಕೆ ಮಾತ್ರ ಈ ಉಪಾಯ ಬೇಡ: ನಡುವಿನ ದೊಡ್ಡ ಜುಟ್ಟೇ ಅದರ ಚೆಂದ, ಚಿವುಟಿದರೆ ಸಣ್ಣಪುಟ್ಟ ಜುಟ್ಟುಗಳಷ್ಟೇ ಉಳಿಯುತ್ತವೆ. ಬೆಂಗಳೂರು, ಮೈಸೂರಿನ ಕಡೆ ಫೆಬ್ರವರಿ ಕೊನೆಯಲ್ಲಿ ಪೆಟೂನಿಯಾ ನೆಡುವವರಿಗೂ ಇದರಿಂದ ಲಾಭವಿಲ್ಲ. ಗಿಡ ಕವಲೊಡೆಯುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ, ಇದ್ದ ಹೂವನ್ನೇ ನೋಡಿ ಸಂತೋಷಪಡಿ. ಬಾಡಿದ ಸಸಿಯಾದರೆ ಮೊದಲು ನೀರು, ನೆರಳು. ಚಿವುಟುವುದು ಅದು ಚೇತರಿಸಿಕೊಂಡ ಮೇಲೆ.