ಕಾರೇಕೆರೆಯಲ್ಲಿ ಹುಳ ಹಿಡಿದು ಓದಿದ್ದು

ಹಾಸನದ ಕಾರೇಕೆರೆ ಕೃಷಿ ಕಾಲೇಜಿಗೆ ಸೇರುವವರು ಯಾವ ಪುಸ್ತಕ ಕೊಳ್ಳಬೇಕು ಅಂತ ನನ್ನನ್ನು ಕೇಳುತ್ತಿರುತ್ತಾರೆ. ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತೆ ಬಿಡಿ. ಮೊದಲು ಹಿಡಿದ ಹುಳಗಳನ್ನು ಪಿನ್ ಚುಚ್ಚಿ ಇಡೋಕೆ ಒಂದು ಒಳ್ಳೇ ಪೆಟ್ಟಿಗೆ ಮಾಡಿಸಿಕೊಳ್ಳಿ. 4 ವರ್ಷದ ಬಿಎಸ್ಸಿಯಲ್ಲಿ ಕೀಟಶಾಸ್ತ್ರ ನನ್ನ ತಲೆಗೆ ಹತ್ತಿದ್ದೇ ಅದರಿಂದ.

ಕೀಟ ಸಂಗ್ರಹ ಎಲ್ಲರೂ ಒಪ್ಪಿಸಬೇಕು. ಹಾಸ್ಟೆಲ್ ದೀಪದ ಕೆಳಗೆ ಬಿದ್ದ ಹುಳ ಹೆಕ್ಕಿ ಮುಗಿಸುವವರೇ ಜಾಸ್ತಿ. ಅದರಲ್ಲಿ ಮಾರ್ಕ್ಸ್ ಬರುತ್ತೆ, ಹುಳ ಯಾವ ಬೆಳೆಯದು ಅಂತ ಮಾತ್ರ ಗೊತ್ತಾಗಲ್ಲ. ನಾನು ಬೆಳೆ ಹಿಡಿದು ಹುಳ ಹುಡುಕಿದೆ. ಹಿಡಿದ ಹುಳ ಸಾಯಿಸೋಕೆ ಬಾಯಗಲದ ಬಾಟಲಿ, ತಳದಲ್ಲಿ ಈಥೈಲ್ ಅಸಿಟೇಟ್ ಅನ್ನೋ ದ್ರವ ಹಾಕಿದ ಹತ್ತಿ, ಮೇಲೊಂದು ಕಾಗದದ ಬಿಲ್ಲೆ. ಚಿಟ್ಟೆಗೆ ಎದೆಯ ನಡುವೆ ಪಿನ್ ಚುಚ್ಚಬೇಕು. ದುಂಬಿಗೆ ಮಾತ್ರ ಬಲಗಡೆಯ ಗಟ್ಟಿ ರೆಕ್ಕೆಗೆ. ನಡುವೆ ಚುಚ್ಚಿದರೆ ಗುರುತು ಹಿಡಿಯುವ ಭಾಗವೇ ಹೋಗುತ್ತೆ. ಊರು, ತಾರೀಖು, ಬೆಳೆ ಬರೆದ ಚೀಟಿ ಇಲ್ಲದ ಹುಳ ಸುಮ್ನೆ ಅಲಂಕಾರಕ್ಕಷ್ಟೇ.

ನನಗೆ ಹೆಚ್ಚು ಕಲಿಸಿದ್ದು ಕಾಫಿಯ ಬಿಳಿ ಕಾಂಡಕೊರಕ. ಸಕಲೇಶಪುರದ ಕಡೆ ನೆಂಟರ ತೋಟದಲ್ಲಿ ಎಲೆ ಹಳದಿಯಾದ ಅರೇಬಿಕಾ ಗಿಡ ತೋರಿಸಿದರು. ಕಾಂಡದ ಮೇಲೆ ಏಣು ಎದ್ದಿತ್ತು. ಸೀಳಿದರೆ ಸುರಂಗದ ತುಂಬ ಗಟ್ಟಿಯಾಗಿ ಒತ್ತಿದ ಹೊಟ್ಟು, ಅದರ ಕೊನೆಯಲ್ಲಿ ಮರಿಹುಳ. ಈ ಮರಿಹುಳವೇ ಬೆಳೆದು ದುಂಬಿಯಾಗಿ ಹಾರುವುದು ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ, ಅದೂ ಬಿಸಿಲು ಬೀಳುವ ಕಾಂಡವೇ ಅದಕ್ಕೆ ಇಷ್ಟ. ನೆರಳು ಯಾಕೆ ತೆಗೆಯಬಾರದು, ಹುಳ ಹತ್ತಿದ ಗಿಡವನ್ನು ದುಂಬಿಯ ಹಾರಾಟಕ್ಕೆ ಮೊದಲೇ ಕಿತ್ತು ಯಾಕೆ ಸುಡಬೇಕು ಅನ್ನೋದಕ್ಕೆ ಬೇರೆ ನೋಟ್ಸ್ ಬೇಕಾಗಲಿಲ್ಲ.

ರೋಗಶಾಸ್ತ್ರಕ್ಕೂ ಇದೇ ದಾರಿ. ಆಲೂಗಡ್ಡೆಯ ಅಂಗಮಾರಿ ನೋಡಬೇಕಾದರೆ ಬೆಳಗ್ಗೆ ಇಬ್ಬನಿ ಆರುವ ಮೊದಲೇ ಹೊಲಕ್ಕೆ ಹೋಗಬೇಕು. ಕಂದು ಮಚ್ಚೆಯ ಅಂಚಿನಲ್ಲಿ, ಎಲೆಯ ಅಡಿಗೆ, ಬಿಳಿ ಬೂಸ್ಟು ಕಾಣುತ್ತೆ. ಬಿಸಿಲೇರಿದರೆ ಅದು ಮಾಯ. ಮಚ್ಚೆಯಲ್ಲಿ ಉಂಗುರ ಉಂಗುರ ಇದ್ದರೆ ಅದು ಬೇರೆ ರೋಗ. ಕೊನೇ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಉಳಿದಾಗ ರೈತರು ಕೈಗೆ ಎಲೆ ಕೊಟ್ಟೇ ಪ್ರಶ್ನೆ ಕೇಳಿದರು. ಅಲ್ಲಿ ಪುಟ ತಿರುವಿ ನೋಡಲಾಗುತ್ತಾ?

ಇನ್ನೊಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಪೆಟ್ಟಿಗೆಗೇ ಬೂಸ್ಟು ಹಿಡಿಯುತ್ತೆ. ಹುಳ ಚೆನ್ನಾಗಿ ಒಣಗಿದ ಮೇಲೇ ಒಳಗಿಡಿ, ಮೂಲೆಗೆ ನ್ಯಾಫ್ತಲೀನ್ ಗುಳಿಗೆ ಹಾಕಿ, ಇರುವೆ ಬರದ ಜಾಗದಲ್ಲಿಡಿ.