ಆಟಕ್ಕುಂಟು, ಲೆಕ್ಕಕ್ಕಿಲ್ಲ: ಸಂಕೋಚದ ಮಗುವನ್ನು ಆಟಕ್ಕಿಳಿಸುವ ಬಗೆ

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ ಸಂಜೆ ಆರರ ಹೊತ್ತಿಗೆ ಮಕ್ಕಳ ಗದ್ದಲ ಏರುತ್ತಿದ್ದಂತೆ, ತಾಯಿಯ ಸೆರಗು ಹಿಡಿದು ಗೋಡೆಗೊರಗಿ ನಿಂತ ಒಂದು ಮಗುವೂ ಕಣ್ಣಿಗೆ ಬೀಳುತ್ತದೆ. ಅದು ಕನ್ನಡದ ಮನೆಯ ಮಗುವಾಗಿದ್ದರೆ ಸಂಕೋಚಕ್ಕೆ ಭಾಷೆಯ ತೊಡಕೂ ಸೇರಿಕೊಂಡಿರುವುದುಂಟು. ಮನೆಯೊಳಗೆ ಕನ್ನಡ ಅಥವಾ ತುಳು, ಕೆಳಗೆ ಅಂಗಳದಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಹೊಸ ಭಾಷೆಯ ನಡುವೆ ಬಂದ ಎಳೆಯ ಮಕ್ಕಳಲ್ಲಿ ಅನೇಕರು ಬಾಯಿ ತೆರೆಯುವ ಮೊದಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರಿದೇ ಕೇಳಿಸಿಕೊಳ್ಳುತ್ತಾರೆ. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ.

ನೋಡುತ್ತ ನಿಲ್ಲುವುದನ್ನು ಕಾಲಹರಣವೆಂದು ತಿಳಿಯಬಾರದು. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಟ್ಟ ಮಕ್ಕಳು ಆಟದಲ್ಲಿ ಪಾಲ್ಗೊಳ್ಳುವ ರೀತಿಯನ್ನು ಆರು ಬಗೆಗಳಾಗಿ ವಿಂಗಡಿಸಿದರು. ಇತರರ ಆಟವನ್ನು ನೋಡುವುದು ಅವುಗಳಲ್ಲಿ ಒಂದಾದರೆ, ಪಕ್ಕಪಕ್ಕದಲ್ಲೇ ಕುಳಿತು ತಂತಮ್ಮ ಪಾಡಿಗೆ ಆಡಿಕೊಳ್ಳುವುದು ಇನ್ನೊಂದು. ಆದ್ದರಿಂದ ಮೊದಲ ಒಂದೆರಡು ವಾರ ಮಗುವನ್ನು ಮುಂದಕ್ಕೆ ತಳ್ಳದೆ, ಅದರ ಜೊತೆ ಕಟ್ಟೆಯ ಮೇಲೆ ಕುಳಿತು, ಯಾರು ಓಡುತ್ತಿದ್ದಾರೆ, ಯಾರು ಔಟಾದರು ಎಂದು ಮೆಲ್ಲಗೆ ಮಾತಾಡಿಕೊಳ್ಳಿ. ಮನೆಗೆ ಬಂದ ಮೇಲೆ ಅದೇ ಆಟವನ್ನು ಇಬ್ಬರೇ ಆಡಿ, ಅಂಗಳದ ಪದಗಳನ್ನು ಅಭ್ಯಾಸ ಮಾಡಿಸಿ. ನಮ್ಮ ಕಣ್ಣಾಮುಚ್ಚಾಲೆ ಇಲ್ಲಿ ‘ಲಪಂಡಾವ್’ ಆಗುತ್ತದೆ; ಹಿಡಿಯುವ ಸರದಿ ಯಾರ ಮೇಲೆ ಬಂದಿದೆಯೋ ಅವರ ಮೇಲೆ ‘ರಾಜ್ಯ’ ಬಂತೆನ್ನುತ್ತಾರೆ; ಆಟವನ್ನು ಅರೆಗಳಿಗೆ ನಿಲ್ಲಿಸಬೇಕಾದರೆ ‘ಟೈಮ್ ಪ್ಲೀಸ್’ ಎನ್ನಬೇಕು. ಈ ನಾಲ್ಕಾರು ಪದಗಳನ್ನು ಅರಿತ ಮಗುವಿಗೆ ಅಂಗಳ ಅರ್ಧ ಪರಿಚಿತವಾದಂತೆಯೇ.

ಗುಂಪಿಗಿಂತ ಮೊದಲು ಒಬ್ಬ ಜೊತೆಗಾರ ಸಾಕು, ಮತ್ತು ಆ ಜೊತೆಗಾರ ವಯಸ್ಸಿನಲ್ಲಿ ಕಿರಿಯನಾಗಿದ್ದರೆ ಇನ್ನೂ ಒಳ್ಳೆಯದು. ಇದು ಬರಿಯ ಊಹೆಯಲ್ಲ. 1979ರಲ್ಲಿ ಫರ್ಮನ್, ರಾಹೆ ಮತ್ತು ಹಾರ್ಟಪ್ ಎಂಬ ಸಂಶೋಧಕರು, ಒಂಟಿಯಾಗಿ ಉಳಿಯುತ್ತಿದ್ದ ಶಾಲಾಪೂರ್ವ ಮಕ್ಕಳನ್ನು ಇನ್ನೊಂದು ಮಗುವಿನ ಜೊತೆ 10 ಬಾರಿ ಪ್ರತ್ಯೇಕವಾಗಿ ಆಡಲು ಬಿಟ್ಟಾಗ, ತಮಗಿಂತ ಚಿಕ್ಕ ಮಗುವಿನೊಡನೆ ಆಡಿದವರಲ್ಲೇ ಹೆಚ್ಚಿನ ಸುಧಾರಣೆ ಕಂಡಿತ್ತು. ಕಿರಿಯರ ಮುಂದೆ ಮಗು ತಾನೇ ಮೊದಲ ಹೆಜ್ಜೆ ಇಡಬೇಕಾಗುತ್ತದೆ, ಇಟ್ಟದ್ದು ಫಲಿಸುತ್ತದೆ ಎಂಬುದು ಅದಕ್ಕೆ ಕೊಡಬಹುದಾದ ವಿವರಣೆ. ಮೇಲಿನ ಮಹಡಿಯ ಪುಟ್ಟ ಮಗುವನ್ನು ಮುಕ್ಕಾಲು ಗಂಟೆ ಮನೆಗೆ ಕರೆಯಿರಿ. ಆಟ ಬೇಸರ ತರಿಸುವ ಮೊದಲೇ ಮುಗಿಸಿ ಕಳುಹಿಸಿದರೆ ಮರುದಿನದ ಆಸೆ ಉಳಿಯುತ್ತದೆ.

ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರಾದಾಗ ಇದಕ್ಕೆ ಚೆನ್ನೆಮಣೆಯಷ್ಟು ಒದಗುವ ಆಟ ನನಗೆ ಬೇರೆ ಕಂಡಿಲ್ಲ. (ತುಳುನಾಡಿನಲ್ಲಿ ಅದನ್ನು ಹೊರತೆಗೆಯುತ್ತಿದ್ದುದೂ ಆಟಿ ತಿಂಗಳ ಮಳೆಯಲ್ಲೇ.) 14 ಗುಳಿ, ಗುಳಿಗೆ 4ರಂತೆ 56 ಕಾಯಿ, ಮಣೆ ಊರಿನಲ್ಲೇ ಉಳಿದಿದ್ದರೆ ಮೊಟ್ಟೆಯ ಟ್ರೇಯಲ್ಲಿ ಹುಣಸೆಬೀಜ ಹಾಕಿಯೂ ಆಡಬಹುದು. ಇಬ್ಬರ ಕಣ್ಣೂ ಮಣೆಯ ಮೇಲಿರುವುದರಿಂದ ಮುಖ ನೋಡಿ ಮಾತಾಡುವ ಒತ್ತಾಯವಿರುವುದಿಲ್ಲ, ಕೈಗೆ ಕೆಲಸವಿರುತ್ತದೆ, ಸರದಿ ಕಾಯುವುದು ತಾನಾಗಿ ಬರುತ್ತದೆ, ಕಾಯಿ ಎಣಿಸುವ ನೆಪದಲ್ಲಿ ದನಿ ಹೊರಡುತ್ತದೆ.

ಅಂಗಳಕ್ಕೆ ಇಳಿಯುವಾಗ ಮರಾಠಿ ಮಕ್ಕಳ ಒಂದು ಪದ್ಧತಿಯನ್ನು ಬಳಸಿಕೊಳ್ಳಬೇಕು. ಆಟದಲ್ಲಿ ತೀರ ಚಿಕ್ಕವರನ್ನು ‘ಕಚ್ಚಾ ಲಿಂಬೂ’ ಎಂದು ಸೇರಿಸಿಕೊಳ್ಳುತ್ತಾರೆ. ಅವರು ಎಲ್ಲರೊಂದಿಗೆ ಓಡಬಹುದು, ಆದರೆ ಸಿಕ್ಕಿಬಿದ್ದರೂ ಔಟಲ್ಲ, ರಾಜ್ಯವೂ ಅವರ ಮೇಲೆ ಬರುವುದಿಲ್ಲ. ನಮ್ಮಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದನ್ನು ದೊಡ್ಡವರ ಮೂದಲಿಕೆಗೆ ಬಳಸಿ ಬಳಸಿ ಅದರ ಮೂಲದ ಔದಾರ್ಯವೇ ಮರೆತುಹೋಗಿದೆ. ಸೋಲಿನ ಭಯವಿಲ್ಲದೆ ಆಟದೊಳಗಿರಲು ಇದಕ್ಕಿಂತ ಸುರಕ್ಷಿತ ಜಾಗವಿಲ್ಲ. ಗುಂಪಿನ ಹಿರಿಯ ಹುಡುಗಿಯೊಬ್ಬಳಿಗೆ ಮೊದಲೇ ಹೇಳಿಟ್ಟರೆ ಅವಳೇ ಏರ್ಪಾಡು ಮಾಡುತ್ತಾಳೆ. ನೀವು ನಡುವೆ ಹೋಗಿ ಘೋಷಿಸಬೇಡಿ.

ಆಟದ ಆಯ್ಕೆಯೂ ಮುಖ್ಯ. ಸಂಗೀತ ಕುರ್ಚಿಯಂತೆ ಒಬ್ಬೊಬ್ಬರನ್ನೇ ಹೊರಗಟ್ಟುವ ಆಟವೂ ಎಲ್ಲರ ಮುಂದೆ ಹಾಡಬೇಕಾದ ಅಂತ್ಯಾಕ್ಷರಿಯೂ ಸದ್ಯಕ್ಕೆ ಬೇಡ. ‘ವಿಷ-ಅಮೃತ’ ಒಳ್ಳೆಯದು: ಹಿಡಿಯುವವನು ಮುಟ್ಟಿ ‘ವಿಷ’ ಎಂದರೆ ಅಲ್ಲೇ ಕಲ್ಲಾಗಿ ನಿಲ್ಲಬೇಕು, ಜೊತೆಯವರು ಬಂದು ಮುಟ್ಟಿ ‘ಅಮೃತ’ ಎಂದರೆ ಬಿಡುಗಡೆ. ಮಗು ಆಡಬೇಕಾದ್ದು ಒಂದೇ ಪದ, ಆದರೆ ಆ ಪದಕ್ಕಾಗಿ ಇನ್ನೊಬ್ಬರು ಕಾದು ನಿಂತಿರುತ್ತಾರೆ. ಲಗೋರಿಯಲ್ಲಾದರೆ ಬಿದ್ದ 7 ಕಲ್ಲುಗಳನ್ನು ಪೇರಿಸುವ ಕೆಲಸ ಕೊಡಿಸಬಹುದು.

ದೊಡ್ಡವರು ತಪ್ಪುವುದು ಹೆಚ್ಚಾಗಿ ಮಾತಿನಲ್ಲಿ. ಲಿಫ್ಟಿನಲ್ಲಿ ಯಾರಾದರೂ ಹೆಸರು ಕೇಳಿದರೆ ಮಗುವಿನ ಬದಲು ನಾನೇ ಉತ್ತರಿಸಿ, ಮೇಲಿಂದ ‘ಇವನಿಗೆ ತುಂಬ ನಾಚಿಕೆ’ ಎಂದೂ ಸೇರಿಸುತ್ತಿದ್ದೆ. ಆ ಮಾತನ್ನು ಮಗು ತನ್ನ ಹೆಸರಿನಷ್ಟೇ ಗಟ್ಟಿಯಾಗಿ ನಂಬುತ್ತದೆ. ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ; ಆಮೇಲೂ ಉತ್ತರ ಬರದಿದ್ದರೆ ಹೌದು-ಅಲ್ಲ ಎಂದಾದರೂ ತಲೆಯಾಡಿಸಬಹುದಾದ ಪ್ರಶ್ನೆಯಾಗಿ ತಿರುಗಿಸಿ. ಸೊಸೈಟಿಯ ಗಣೇಶೋತ್ಸವದ ವೇದಿಕೆಗೆ ಬಲವಂತವಾಗಿ ಹತ್ತಿಸುವುದರಿಂದ ಧೈರ್ಯ ಬರುವುದಿಲ್ಲ.

ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು, ಶಾಲೆಯ ಮೊದಲ ತಿಂಗಳು ಕಳೆದ ಮೇಲೂ, ಅಲ್ಲಿಯ ಭಾಷೆ ತಿಳಿದಿದ್ದೂ, ತಿಂಗಳಿಗೂ ಹೆಚ್ಚು ಕಾಲ ಒಂದು ಮಾತೂ ಆಡದಿದ್ದರೆ ಅದು ಬರಿಯ ಸಂಕೋಚವಾಗಿರಲಾರದು. ಮಕ್ಕಳ ವೈದ್ಯರನ್ನು ಕಂಡು, ಶ್ರವಣ ಪರೀಕ್ಷೆಯ ಬಗ್ಗೆಯೂ ಕೇಳಿ, ಮಕ್ಕಳ ಮನಶ್ಶಾಸ್ತ್ರಜ್ಞರ ಸಲಹೆ ಪಡೆಯಬೇಕು.

ಉಳಿದ ಮಕ್ಕಳಲ್ಲಿ ಬದಲಾವಣೆ ನಿಧಾನವಾಗಿ ಬರುತ್ತದೆ. ಒಂದು ಸಂಜೆ ಮಗು ಮೇಲೆ ಬಂದು, ತಾನಿನ್ನು ಕಚ್ಚಾ ಲಿಂಬೂ ಅಲ್ಲ, ತನ್ನ ಮೇಲೂ ರಾಜ್ಯ ಬರಲಿ ಎಂದು ತಕರಾರು ತೆಗೆಯಬಹುದು. ಆಗ ಅದನ್ನು ನೀವು ಕೆಳಗಿಳಿದು ಹೇಳಬೇಡಿ, ಅದೇ ಹೋಗಿ ಹೇಳಲಿ.